ಒಂಬತ್ತಾದ ಮೇಲೆ ಹತ್ತು

ಮೂರನೇ ಕೋಣೆಯ ಬಾಗಿಲು ತೆಗೆದೆ. ಒಳಗೆ ಸದ್ದೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಆರೂ ಮುಕ್ಕಾಲು. ಮೊಟ್ಟೆಗಳಿಗೆ ಅಂದು ಇಪ್ಪತ್ತನೇ ದಿನ, ಅಂದರೆ ಮರಿ ಹೊರಬರುವ ಹಿಂದಿನ ದಿನ. ಆ ದಿನ ಚಿಪ್ಪಿನೊಳಗಿಂದಲೇ ಮರಿಗಳು ಕೀಚುಗುಟ್ಟುತ್ತವೆ. ಒಂಬತ್ತು ಸಾವಿರ ಮೊಟ್ಟೆ ಇದ್ದ ಕೋಣೆ ಸಂತೆಯ ಹಾಗೆ ಗದ್ದಲ ಮಾಡಬೇಕಿತ್ತು. ಬದಲಿಗೆ ಬಿಸಿ ಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಮೀಟರು ನಲವತ್ತೆರಡು ಡಿಗ್ರಿ ತೋರಿಸುತ್ತಿತ್ತು. ಇರಬೇಕಾದ್ದು ಮೂವತ್ತೇಳು. ಗಾಳಿ ತಿರುಗಿಸುವ ದೊಡ್ಡ ಫ್ಯಾನು ನಿಂತಿತ್ತು. ಅದರ ಬೆಲ್ಟು ಹರಿದು ನೆಲದ ಮೇಲೆ ಸತ್ತ ಹಾವಿನ ಹಾಗೆ ಬಿದ್ದಿತ್ತು.

ಒಂದು ಮೊಟ್ಟೆ ತೆಗೆದು ಕಿವಿಗೆ ಹಿಡಿದೆ. ಇನ್ನೊಂದು ಹಿಡಿದೆ. ಹತ್ತನೆಯದರಲ್ಲೂ ಸದ್ದಿರಲಿಲ್ಲ.

ನಾನು ಈ ಮರಿ ಕೇಂದ್ರದ ಮೆಕ್ಯಾನಿಕ್. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಇಲ್ಲಿ ಎಲ್ಲರೂ ನನ್ನನ್ನು ಸ್ಪ್ಯಾನರ್ ಅನ್ನುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಅಂತಲೂ ಅನ್ನುತ್ತಾರೆ. ಎರಡೂ ಸುಳ್ಳಲ್ಲ.

ಬೆಲ್ಟು ಹರಿಯುವುದುಂಟು. ಅದಕ್ಕೇ ಅಲಾರಂ ಇರುವುದು. ಬಿಸಿ ಮೂವತ್ತೊಂಬತ್ತು ದಾಟಿದರೆ ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಕೂಗುತ್ತದೆ. ನೆರೆಮನೆಯವರು ಎಷ್ಟೋ ಸಲ ಜಗಳಕ್ಕೆ ಬಂದಿದ್ದಾರೆ. ನನ್ನ ರಜೆಯ ದಿನವಾದ ಭಾನುವಾರ ಮಾತ್ರ ಯಾರೂ ಬಂದಿರಲಿಲ್ಲ.

ಅಲಾರಂ ಕೂಗಿರಲಿಲ್ಲ. ಇಲ್ಲವೇ ಯಾರೋ ಅದರ ಬಾಯಿ ಮುಚ್ಚಿದ್ದರು.

* * *

ಯಜಮಾನಿಯ ಕೋಣೆಯಲ್ಲಿ ಮ್ಯಾನೇಜರು ನನಗಿಂತ ಮೊದಲೇ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೊರಳಿಗೆ ತೂಗುಹಾಕಿದ ಕೆಂಪು ಬಿಲ್ಲೆ. ಪ್ರತಿ ಕೋಣೆಯ ಬಾಗಿಲ ಪಕ್ಕ ಒಂದು ಪೆಟ್ಟಿಗೆ ಇದೆ. ಈ ಬಿಲ್ಲೆ ತೋರಿಸಿದರೆ ಮಾತ್ರ ಅದು ಮಾತು ಕೇಳುತ್ತದೆ. ನನ್ನದು ನೀಲಿ, ಯಜಮಾನಿಯದು ಬಿಳಿ.

ಮ್ಯಾನೇಜರು ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ತಪ್ಪು ಮನುಷ್ಯರದ್ದಲ್ಲ, ಪ್ರೋಗ್ರಾಮಿನದ್ದು ಎಂದರು.

ಆ ಪ್ರೋಗ್ರಾಮಿನ ಹೆಸರು 'ಕಾವು'. ಕೋಣೆಗಳ ಬಿಸಿ, ತೇವ, ಅಲಾರಂ ಎಲ್ಲ ಅದರ ಕೈಯಲ್ಲಿ. ಕೊಳ್ಳುವ ಸಾಮಾನಲ್ಲ ಅದು. ಅದರ ಒಳಗುಟ್ಟು ಬಯಲಿಗಿಟ್ಟಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ವಾಪಸ್ ಕೊಡಬಹುದು. ಬರೆದವರು ಮೂರು ಬೀದಿ ಆಚೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು. ನಾವೆಲ್ಲ ಅವರನ್ನು ದೊಡ್ಡಮ್ಮ ಅನ್ನುತ್ತೇವೆ. ರಕ್ತಸಂಬಂಧ ಏನೂ ಇಲ್ಲ. ನಲವತ್ತು ಮರಿ ಕೇಂದ್ರಗಳು ಆ ಪ್ರೋಗ್ರಾಮನ್ನು ನಂಬಿವೆ. ಇಲ್ಲಿಗೆ ಅದನ್ನು ತಂದವನು ನಾನು.

ಹಾಳೆ ಕಂಪ್ಯೂಟರಿನ ದಿನಚರಿಯಿಂದ ಮುದ್ರಿಸಿದ್ದು. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾವು ಹೊಸ ಆವೃತ್ತಿ ಬಂದಿದೆಯೇ ಎಂದು ಹುಡುಕಿ ಒಂದು ಸಾಲು ಬರೆದಿಡುತ್ತದೆ. ಹಿಂದಿನ ವಾರಗಳಲ್ಲೆಲ್ಲ 'ಈಗಿರುವುದು 1.10. ಹೊಸದಿಲ್ಲ' ಎಂದಿತ್ತು. ಕೊನೆಯ ಸಾಲು ಹೀಗಿತ್ತು:

'ಭಾನುವಾರ, 11:00. ಈಗಿರುವುದು 1.10. ಹೊಸದು 1.9. ಹಾಕಿದೆ.'

ಮ್ಯಾನೇಜರು ಪಾಠ ಹೇಳುವವರ ಹಾಗೆ ವಿವರಿಸಿದರು. ನಿನ್ನೆ ಹೊಸ ಆವೃತ್ತಿ ತಾನಾಗಿಯೇ ಇಳಿದಿದೆ, ಅದರಲ್ಲಿ ಅಲಾರಂ ಕೆಟ್ಟಿದೆ, ಬೆಲ್ಟು ಹರಿದಾಗ ಕೂಗಿಲ್ಲ. ಕಂಪ್ಯೂಟರ್ ಪರದೆಯ ಮೂಲೆಯಲ್ಲೂ 1.9 ಅಂತಲೇ ಇದೆ, ಯಜಮಾನಿಯೇ ನೋಡಿದ್ದಾರೆ. ಪುಕ್ಕಟೆ ಸಿಕ್ಕಿದ್ದಕ್ಕೆ ಹೊಣೆ ಹೊರುವವರು ಯಾರು?

ಮೂರನೇ ಕೋಣೆಯ ಬಗ್ಗೆ ನಾನು ಹತ್ತು ರಿಪೇರಿ ಚೀಟಿ ಬರೆದುಕೊಟ್ಟಿದ್ದೆ, ಬೆಲ್ಟು ಸವೆದಿದೆ ಎಂದೂ. ಹಾಗಂತ ಹೇಳಿದೆ. ಮ್ಯಾನೇಜರು, ಒಂಬತ್ತೇ ಚೀಟಿ ಬಂದಿವೆ, ಎಲ್ಲ ಎಣ್ಣೆ, ಸ್ಕ್ರೂ ಅಂತ ಸಣ್ಣಪುಟ್ಟವು, ಬೆಲ್ಟಿನ ಮಾತು ಯಾವುದರಲ್ಲೂ ಇಲ್ಲ ಎಂದರು. ಬೆಲ್ಟು ಇವತ್ತೋ ನಾಳೆಯೋ ಹರಿಯುತ್ತದೆ ಎಂದು ಬರೆದಿದ್ದು ಹತ್ತನೆಯದರಲ್ಲಿ.

"ಹತ್ತನೇದು ನನಗೆ ಬಂದಿಲ್ಲಪ್ಪ," ಎಂದರು. "ಬಂದಿದ್ರೆ ಫೈಲಲ್ಲಿ ಕೊನೇಲಿ ಇರ್ತಿತ್ತು."

ನಾನು ಮೇಜು ಗುದ್ದಿದೆ. ನೀರಿನ ಲೋಟ ಉರುಳಿತು. ಯಜಮಾನಿ ಲೋಟ ಎತ್ತಿಟ್ಟು, ನೀರು ಒರೆಸಿ, ಆಮೇಲೆ ಮಾತಾಡಿದರು. ಅವರು ಕೂಗುವವರಲ್ಲ. ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ, ದೊಡ್ಡಮ್ಮನ ಮೇಲೆ ದೂರು ಕೊಡುವುದು ಖಂಡಿತ. ಅದೇ ಹೊತ್ತಿಗೆ ಬೇರೆ ಕಂಪನಿಯವರು ಬಂದು ಎಲ್ಲ ಕೋಣೆಗಳಿಂದ ಕಾವನ್ನು ಕಿತ್ತುಹಾಕುತ್ತಾರೆ.

ನಾಲ್ಕನೇ ಕೋಣೆಯ ಮೊಟ್ಟೆಗಳಿಗೆ ಹದಿನೇಳನೇ ದಿನ. ಪೆಟ್ಟಿಗೆಗಳನ್ನು ಬದಲಾಯಿಸಲು ಅರ್ಧ ದಿನ ಬೇಕು. ಅಷ್ಟು ಹೊತ್ತು ಬಿಸಿ ನಿಂತರೆ ಅವೂ ಇಷ್ಟೇ.

"ನಾಲ್ಕರ ತನಕ ಟೈಮ್ ಕೊಡಿ," ಎಂದೆ.

"ತಗೋ. ಆದ್ರೆ ಏನೂ ಒಡೀಬೇಡ."

* * *

ಗೇಟಿನ ಬಳಿ ಆ ಕಂಪನಿಯ ಏಜೆಂಟು ನಿಂತಿದ್ದ. ನಾವು ಅವನಿಗೆ 'ಟೈ' ಎನ್ನುತ್ತೇವೆ, ಸುಡುಬಿಸಿಲಲ್ಲೂ ಅದನ್ನು ಬಿಚ್ಚದವನು. ಶನಿವಾರ ಬಂದು ಅರ್ಧ ಗಂಟೆ ನಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದ. ಕಾವು ಹಾಳಾದರೆ ಲಾಭ ಇವನಿಗೇ. ನನಗೆ ಅಷ್ಟು ಸಾಕಾಯಿತು. ಹೋಗಿ ಕಾಲರ್ ಹಿಡಿದೆ.

"ಬಿಟ್ಟು ಮಾತಾಡು ತಮ್ಮಾ," ಎಂದ ಅವನು ಮೆಲ್ಲಗೆ. "ಈ ವಾರಕ್ಕೆ ಇದೊಂದೇ ಅಂಗಿ ಇಸ್ತ್ರಿ ಆಗಿರೋದು."

ಶನಿವಾರ ತಾನು ಮಾತಾಡಿದ್ದು ಯಜಮಾನಿಯ ಎದುರಿಗೇ, ಮುಟ್ಟಿದ್ದು ತನ್ನ ಬ್ಯಾಗನ್ನು ಮಾತ್ರ ಎಂದ. ಇವತ್ತು ಬರುವ ಯೋಚನೆಯೇ ಇರಲಿಲ್ಲವಂತೆ. ಹಲ್ಲುಜ್ಜುತ್ತಿದ್ದಾಗ ಮ್ಯಾನೇಜರ ಫೋನು ಬಂತು, ನೊರೆ ಉಗಿದು ಓಡಿಬಂದೆ ಎಂದ. ನಂಬಲು ಮನಸ್ಸಿರಲಿಲ್ಲ. ಆದರೂ ಕಾಲರ್ ಬಿಟ್ಟೆ. ಅವನು ಅದನ್ನು ಸರಿಮಾಡಿಕೊಂಡು, ಅಭ್ಯಾಸಬಲದಿಂದ, ನನ್ನ ಕೈಗೇ ಒಂದು ಜಾಹೀರಾತು ಹಾಳೆ ತುರುಕಿದ.

* * *

ದೊಡ್ಡಮ್ಮನ ಅಂಗಡಿ ಎಂಟಡಿ ಅಗಲ. ಗೋಡೆ ತುಂಬ ಹೊಟ್ಟೆ ಬಿಚ್ಚಿದ ರೇಡಿಯೋಗಳು. ಮಧ್ಯದಲ್ಲಿ ಸೀಸ ಕರಗುವ ವಾಸನೆ, ಒಂದು ಹಳೆಯ ಕಂಪ್ಯೂಟರು, ಕನ್ನಡಕ ತಲೆಯ ಮೇಲೇರಿಸಿಕೊಂಡ ಅವರು.

ನಾನು ಒಂದೇ ಉಸಿರಿಗೆ ಎಲ್ಲ ಕಕ್ಕಿದೆ. ಅವರು ಮೊದಲು ಕೇಳಿದ್ದು ದೂರಿನ ಬಗ್ಗೆ ಅಲ್ಲ. ಎಷ್ಟು ಮೊಟ್ಟೆ ಎಂದು ಕೇಳಿದರು. ಒಂಬತ್ತು ಸಾವಿರ ಎಂದೆ. ಕೈಲಿದ್ದ ರೇಡಿಯೋ ಕೆಳಗಿಟ್ಟರು.

"ನನ್ನ ಪ್ರೋಗ್ರಾಂ ಕೊಂದಿದ್ರೆ, ಅವರು ಕೀಳೋದೇನು ಬಂತು. ನಾಲ್ಕೂ ಹತ್ತಕ್ಕೆ ನಾನೇ ಅಳಿಸಿಹಾಕ್ತೀನಿ. ನಲವತ್ತು ಕಡೆನೂ."

ಅವರು ಹೇಳಿದ್ದನ್ನು ಮಾಡುವವರು.

ಹಾಳೆ ಕೇಳಿದರು. ಕನ್ನಡಕ ಇಳಿಸಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಕೋಪ ಪಕ್ಕಕ್ಕಿಟ್ಟು ಕೊನೇ ಸಾಲು ಓದು. ಟ್ರೇ ನೆನಪಿದೆ ತಾನೆ?"

ಓದಿದೆ. ಈಗಿರುವುದು 1.10. ಹೊಸದು 1.9. ಬೆಳಿಗ್ಗೆಯಿಂದ ಈ ಸಾಲು ಕಣ್ಣೆದುರೇ ಇತ್ತು. ಸಿಟ್ಟು ನನ್ನನ್ನು ಕುರುಡು ಮಾಡಿತ್ತು.

ಟ್ರೇ ನೆನಪಿಲ್ಲದೆ ಏನು. ಎರಡು ವರ್ಷದ ಹಿಂದೆ ನಾನು ಮೊದಲ ಸಲ ಈ ಅಂಗಡಿಗೆ ಬಂದಾಗ ಇದೇ ತಪ್ಪು ಮಾಡಿದ್ದೆ. ಬೇರೊಂದು ಪ್ರೋಗ್ರಾಮಿನ 3.12 ಬಿಟ್ಟು 3.4 ಹಾಕಿಕೊಂಡು, ಹೊಸದೇ ಹಾಕಿದ್ದೇನೆ ಎಂದು ವಾದ ಮಾಡಿದ್ದೆ. ಬೇರೆಯವರಾಗಿದ್ದರೆ ನಕ್ಕು ಕಳಿಸುತ್ತಿದ್ದರು. ನನ್ನ ಶಾಲೆಯಲ್ಲಿ ನಗುವವರೇ ಇದ್ದರು, ಅದಕ್ಕೇ ಬಿಟ್ಟಿದ್ದು. ದೊಡ್ಡಮ್ಮ ನಗಲಿಲ್ಲ. ಮೊಟ್ಟೆಯ ಖಾಲಿ ಟ್ರೇಗಳನ್ನು ನೆಲದ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಒಂದನೇ ಕೋಣೆ, ಒಂಬತ್ತನೇ ಟ್ರೇ. ಮುಂದಿನ ಟ್ರೇ ಎಷ್ಟನೆಯದು ಎಂದು ಕೇಳಿದರು. ಹತ್ತು ಎಂದೆ. "ಅಷ್ಟೇ ಕಣೋ. ಈ ಚುಕ್ಕಿ ದಶಮಾಂಶ ಅಲ್ಲ, ಬೇಲಿ. ಬೇಲಿಯ ಎರಡೂ ಕಡೆ ಬೇರೆ ಬೇರೆ ಎಣಿಕೆ." ಆ ಮಧ್ಯಾಹ್ನ ಗಿರಾಕಿಗಳು ಬಂದರೂ ಅವರು ನೆಲದಿಂದ ಏಳಲಿಲ್ಲ. ನನಗಾಗಿ ಅಷ್ಟು ಹೊತ್ತು ನೆಲದ ಮೇಲೆ ಕೂತವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

1.10ಕ್ಕೂ ನನಗೂ ಇನ್ನೊಂದು ನಂಟಿದೆ. ಅದು ನನ್ನ ಆವೃತ್ತಿ. ಅಲಾರಂ ನಿಲ್ಲಿಸಿದವರು ಯಾರು, ಎಷ್ಟು ಹೊತ್ತಿಗೆ ಎಂಬುದನ್ನು ಬಾಗಿಲ ಪೆಟ್ಟಿಗೆಯೇ ನೆನಪಿಟ್ಟುಕೊಳ್ಳುವ ಹಾಗೆ ಮಾಡಿದ್ದು ನಾನು. ಸಣ್ಣ ರಿಪೇರಿ ಅಂದುಕೊಂಡು ಕೊಟ್ಟಿದ್ದೆ. ಸಣ್ಣ ರಿಪೇರಿಗಾದರೆ ಕೊನೆಗೊಂದು ಅಂಕಿ ಸೇರಿಸಿ 1.9.1 ಅನ್ನುವುದು ವಾಡಿಕೆ. ಇದು ರಿಪೇರಿಯಲ್ಲ, ಹೊಸ ಕೆಲಸ, ಬೇಲಿಯ ಆಚೆಯ ಅಂಕಿಯೇ ಏರಬೇಕು ಎಂದು ದೊಡ್ಡಮ್ಮ ಹಟ ಹಿಡಿದರು. ಆಗ ಕೋಲ್ಡ್ ಸ್ಟೋರೇಜಿನ ಮೀಸೆಯವನು ತಕರಾರು ತೆಗೆದ. ಅವನೂ ಕಾವನ್ನು ತಿದ್ದುವ ನಮ್ಮ ಗುಂಪಿನವನೇ. 1.9 ಆದ ಮೇಲೆ 2.0 ಮಾಡಿ, 1.10 ಎಂದರೆ ಜನ ಹಿಂದಕ್ಕೆ ಹೋಯಿತು ಅಂದುಕೊಳ್ಳುತ್ತಾರೆ ಎಂದ. ಮೂರು ವಾರ ವಾದ ನಡೆಯಿತು. ದೊಡ್ಡಮ್ಮ ಒಪ್ಪಲಿಲ್ಲ. ಮೊದಲ ಅಂಕಿ ಏರಿತು ಅಂದರೆ ಹಳೆಯ ಪೆಟ್ಟಿಗೆಗಳು ಕೆಲಸ ಮಾಡುವುದಿಲ್ಲ ಎಂಬ ಎಚ್ಚರಿಕೆ, ಇಲ್ಲಿ ಏನೂ ಕೆಡುತ್ತಿಲ್ಲ, ಸುಮ್ಮಸುಮ್ಮನೆ ಹೆದರಿಸಬಾರದು ಎಂದರು.

"ಕಾವು ಯಾವತ್ತೂ ಹತ್ತರಿಂದ ಒಂಬತ್ತಕ್ಕೆ ತಾನಾಗಿ ಇಳಿಯಲ್ಲ," ಎಂದೆ ನಾನು. "ಈ ಸಾಲು ಬರೆದಿದ್ದು ಅದಲ್ಲ. ಯಾರೋ ಮನುಷ್ಯ."

"ಒಂಬತ್ತೇ ಹೊಸದು ಅಂತ ನಂಬಿರೋ ಮನುಷ್ಯ," ಎಂದರು ದೊಡ್ಡಮ್ಮ. ನಮ್ಮ ವೆಬ್ ತಾಣದ ಪಟ್ಟಿಯನ್ನು ತೆರೆದರು. ಹಳೆಯ ಆವೃತ್ತಿಗಳೆಲ್ಲ ಅಲ್ಲಿ ಸಾಲಾಗಿ ಇರುತ್ತವೆ. ಕಂಪ್ಯೂಟರು ತನ್ನ ದಡ್ಡ ಬುದ್ಧಿಗೆ ತೋಚಿದ ಹಾಗೆ ಜೋಡಿಸಿತ್ತು: 1.1, ಅದರ ಕೆಳಗೆ 1.10, ಆಮೇಲೆ 1.2, 1.3. ಎಲ್ಲಕ್ಕಿಂತ ಕೆಳಗೆ, ಕೊನೆಗೆ, 1.9. ತಾರೀಖು ಎಲ್ಲೂ ಇರಲಿಲ್ಲ. ದೊಡ್ಡಮ್ಮನ ಮುಖ ಸಣ್ಣಗಾಯಿತು.

ನಾನು ಜೇಬಿನಿಂದ ಟೈ ಕೊಟ್ಟ ಜಾಹೀರಾತು ತೆಗೆದೆ. ಅವರ ಪ್ರೋಗ್ರಾಮಿನ ಬೆಳವಣಿಗೆ ಅಂತ ದೊಡ್ಡ ಬಾಣದ ಗುರುತು: 4.8, 4.9, 4.10, 4.11. ಇವನಿಗೆ ಎಣಿಕೆ ಗೊತ್ತು. ಈ ತಪ್ಪು ಇವನು ಮಾಡುವುದಿಲ್ಲ. ನಾನು ಹಿಡಿದಿದ್ದು ತಪ್ಪು ಕಾಲರ್.

* * *

ಎರಡು ಗಂಟೆ. ಗೇಟಿನಲ್ಲಿ ಟೈ ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಕ್ಷಮೆ ಕೇಳಿದೆ. ಅದು ನನಗೆ ಸುಲಭವಾಗಿ ಬರುವುದಿಲ್ಲ. ಮ್ಯಾನೇಜರ ಫೋನು ಎಷ್ಟು ಹೊತ್ತಿಗೆ ಬಂತು ಎಂದು ಕೇಳಿದೆ. ಅವನು ಫೋನ್ ತೆರೆದು ತೋರಿಸಿದ. ಆರು ಗಂಟೆ ಹತ್ತು ನಿಮಿಷ.

ನಾನು ಮೂರನೇ ಕೋಣೆ ತೆಗೆದದ್ದು ಆರೂ ಮುಕ್ಕಾಲಿಗೆ.

ಯಜಮಾನಿಯ ಬಳಿ ಹೋಗಿ ರಿಪೇರಿ ಚೀಟಿಗಳ ಫೈಲು ನೋಡಬಹುದೇ ಎಂದು ಕೇಳಿದೆ. ಅವರೇ ಎದ್ದು ಬಂದು ಕಪಾಟು ತೆಗೆದರು. ಕೋಣೆಯ ಸಂಖ್ಯೆ, ಚುಕ್ಕಿ, ಚೀಟಿಯ ಸಂಖ್ಯೆ. ಮೂರನೇ ಕೋಣೆಯ ಚೀಟಿಗಳಿಗೆ ನಾನು 3.1ರಿಂದ 3.10ರವರೆಗೆ ನಂಬರ್ ಹಾಕಿದ್ದೆ. ಫೈಲಿನ ಕೊನೆಯಲ್ಲಿ ಇದ್ದದ್ದು 3.9. ಯಜಮಾನಿ ನನ್ನ ಮುಖ ನೋಡಿದರು. ನಾನು ಫೈಲನ್ನು ಮುಂದಿನಿಂದ ತಿರುವಿದೆ.

3.1. ಅದರ ಬೆನ್ನಿಗೇ 3.10. ಆಮೇಲೆ 3.2.

ಹನ್ನೆರಡು ದಿನದ ಹಿಂದಿನ ಚೀಟಿ. 'ಫ್ಯಾನಿನ ಬೆಲ್ಟು ಇವತ್ತೋ ನಾಳೆಯೋ ಹರಿಯುತ್ತದೆ. ಈಗಲೇ ಬದಲಿಸಿ.' ಕೆಳಗೆ 'ತಲುಪಿದೆ' ಎಂದು ಮ್ಯಾನೇಜರ ಕೈಬರಹ.

ಯಜಮಾನಿ ಕಪಾಟು ಮುಚ್ಚಿದರು. ಆಮೇಲೆ ಟೈಯನ್ನು ಕರೆದು, ಪೆಟ್ಟಿಗೆಗಳಿಗೆ ಈಗಲೇ ಕೈಹಾಕಬೇಡಿ ಎಂದರು. ಆಗಲಿ, ನಾಲ್ಕನೇ ಕೋಣೆಯ ಮರಿಗಳು ಬಂದ ಮೇಲೇ ಮಾತಾಡೋಣ ಎಂದ ಅವನು. ಅದಕ್ಕೆ ಅವನಿಗೆ ಯಾವ ಕಟ್ಟುಪಾಡೂ ಇರಲಿಲ್ಲ. ನಾನು ಇವತ್ತಿಗೂ ಅವನನ್ನು ಕಂಡರೆ ನಿಂತು ಮಾತಾಡಿಸುತ್ತೇನೆ.

* * *

ನಾಲ್ಕು ಗಂಟೆ. ಕಂಪ್ಯೂಟರಿನ ಸುತ್ತ ನಾವೆಲ್ಲ ನಿಂತಿದ್ದೆವು. ದೊಡ್ಡಮ್ಮ ಬಾಗಿಲ ಬಳಿ. ಇನ್‌ಸ್ಪೆಕ್ಟರ್ ಮೇಡಂ ಕುರ್ಚಿ ಬೇಡವೆಂದರು. ಕಂಪ್ಯೂಟರು ತಮಗೆ ಅರ್ಥವಾಗುವುದಿಲ್ಲ, ಸುಳ್ಳು ಮಾತ್ರ ಅರ್ಥವಾಗುತ್ತದೆ, ನಿಧಾನವಾಗಿ ಹೇಳಿ ಎಂದರು.

ಮ್ಯಾನೇಜರು ಬೆಳಗಿನ ಪಾಠವನ್ನೇ ಒಪ್ಪಿಸಿದರು. ಮೇಡಂ ಹಾಳೆ ನೋಡಿ, 1.10 ಮತ್ತು 1.9ರಲ್ಲಿ ಯಾವುದು ಹೊಸದು ಎಂದು ಅವರನ್ನೇ ಕೇಳಿದರು.

"ಒಂಬತ್ತೇ, ಇನ್ನೇನು," ಎಂದರು ಮ್ಯಾನೇಜರು ನನ್ನ ಕಡೆ ನೋಡುತ್ತ. "ಒಂದು ಪಾಯಿಂಟ್ ಒಂದು ಸೊನ್ನೆಗಿಂತ ಒಂದು ಪಾಯಿಂಟ್ ಒಂಬತ್ತು ದೊಡ್ಡದು. ಶಾಲೆ ಮುಗಿಸಿದವರಿಗೆಲ್ಲ ಗೊತ್ತಿರೋ ಲೆಕ್ಕ."

ಬೇರೆ ದಿನವಾಗಿದ್ದರೆ ನಾನು ಮೇಜು ಗುದ್ದುತ್ತಿದ್ದೆ. ಅವತ್ತು ಗುದ್ದಲಿಲ್ಲ.

"ಲೆಕ್ಕ ಸರಿಯಾಗಿದೆ ಸಾರ್. ಆದ್ರೆ ಇದು ಲೆಕ್ಕ ಅಲ್ಲ."

ಕಂಪ್ಯೂಟರಿಗೆ ಹೊಸ ಆವೃತ್ತಿ ಹುಡುಕಲು ಹೇಳಿದೆ. ಎಲ್ಲರೂ ಬಗ್ಗಿ ನೋಡಿದರು. ಕಾವು ತನ್ನ ಸಾಕ್ಷಿ ತಾನೇ ನುಡಿಯಿತು:

'ಈಗಿರುವುದು 1.9. ಹೊಸದು 1.10. ಹಾಕುತ್ತಿದ್ದೇನೆ.'

ಇನ್‌ಸ್ಪೆಕ್ಟರ್ ಹಾಳೆಯನ್ನೂ ಪರದೆಯನ್ನೂ ಪಕ್ಕಪಕ್ಕ ಹಿಡಿದರು. ಒಂದಕ್ಕೊಂದು ತಿರುಗುಮುರುಗಾಗಿದ್ದವು.

ನಾನು ಬಿಡಿಸಿ ಹೇಳಿದೆ. ದಿನಚರಿ ಬರೀ ಅಕ್ಷರಗಳ ಕಡತ, ಕೈಯಿಂದ ತಿದ್ದಬಹುದು. ತಿದ್ದಿದವರಿಗೆ ಭಾನುವಾರ ಒಂದು ಹೊಸ ಆವೃತ್ತಿ ಬಂತು ಎಂದು ತೋರಿಸಬೇಕಿತ್ತು. ಪಟ್ಟಿಯ ಕೊನೆಯಲ್ಲಿದ್ದದ್ದು 1.9. ಅದನ್ನೇ ಹೊಸದೆಂದು ತಿಳಿದು ಇಳಿಸಿ ಹಾಕಿದರು. ಅದು ಆರು ತಿಂಗಳ ಹಳೆಯದು, ಇದೇ ಕೋಣೆಯಲ್ಲಿ ಮೊದಲು ಇದ್ದಾಗ ಅದರ ಅಲಾರಂ ಚೆನ್ನಾಗಿಯೇ ಕೂಗುತ್ತಿತ್ತು. ಈ ತಪ್ಪು ನಾನು ಮಾಡುವುದಿಲ್ಲ, 1.10 ನನ್ನದೇ. ಟೈ ಮಾಡುವುದಿಲ್ಲ, ಅವನ ಜಾಹೀರಾತು ನೋಡಿ. ಯಜಮಾನಿಯೂ ಮಾಡುವುದಿಲ್ಲ, ಮರಿಗಳ ತಂಡಕ್ಕೆ ಅವರು ಹಾಕುವ ನಂಬರು 7.9 ಆದ ಮೇಲೆ 7.10. ಇಲ್ಲಿ ಚುಕ್ಕಿಯ ಆಚೆಯ ಹತ್ತನ್ನು ಒಂದರ ಪಕ್ಕ ಇಡುವ ಕೈ ಒಂದೇ. ಫೈಲನ್ನು ಮುಂದಿಟ್ಟೆ. 3.1, 3.10, 3.2. ಆರು ಹತ್ತಕ್ಕೆ ಬಂದ ಫೋನಿನ ವಿಷಯವನ್ನು ಟೈ ತಾನೇ ಹೇಳಿದ.

ಫೈಲು ಜೋಡಿಸಿದ್ದು ಅಪರಾಧವೇ ಎಂದು ಮ್ಯಾನೇಜರು ಕೇಳಿದರು. ದನಿ ಸಣ್ಣಗಾಗಿತ್ತು.

"ಅಲ್ಲ ಸಾರ್. ಅದಕ್ಕೇ ಪೆಟ್ಟಿಗೆನೇ ಕೇಳೋಣ."

1.10 ಕೂತಾಗಿತ್ತು. 1.9ಕ್ಕೆ ಪೆಟ್ಟಿಗೆಯ ನೆನಪನ್ನು ಓದಲು ಬರುವುದಿಲ್ಲ. ಆದರೆ ಅದು ಅಳಿಸುವುದೂ ಇಲ್ಲ. ನಾನು ಬರೆದ ಪುಟವನ್ನು ತೆರೆದೆ. ಕೊನೆಯ ಸಾಲು ಹೀಗಿತ್ತು.

'ಭಾನುವಾರ, 11:52. ಕೋಣೆ 3. ಕೆಂಪು ಬಿಲ್ಲೆ. ಅಲಾರಂ ನಿಲ್ಲಿಸಲಾಗಿದೆ.'

ಎಲ್ಲರ ಕಣ್ಣೂ ಮ್ಯಾನೇಜರ ಕೊರಳಿಗೆ ಹೋಯಿತು. ಅವರು ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಆಮೇಲೆ ಕುರ್ಚಿಯಲ್ಲಿ ಕುಸಿದು ಒಪ್ಪಿಕೊಂಡರು. ಹಿಂದಿನ ವಾರ ಎರಡು ಸಲ ಅಲಾರಂ ಸುಮ್ಮನೆ ಕೂಗಿತ್ತಂತೆ. ಇದೂ ಹಾಗೇ ಎಂದುಕೊಂಡು, ಒಳಗೆ ಇಣುಕಿಯೂ ನೋಡದೆ, ಬಾಯಿ ಮುಚ್ಚಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದರು. ಊಟವಾದ ಮೇಲೆ ಮಲಗಿದವರು ತಿರುಗಿ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಬಾಗಿಲು ತೆಗೆದಾಗ ಎಲ್ಲ ಮುಗಿದಿತ್ತು.

"ನಿದ್ದೆ ಬಂದಿದ್ದಕ್ಕೆ ಬೈದು ಬಿಡ್ತಿದ್ದೆ," ಎಂದರು ಯಜಮಾನಿ. "ಆ ಹೆಂಗಸಿನ ತಲೆಗೆ ಕಟ್ಟೋಕೆ ಹೋದ್ರಲ್ಲ."

ಇನ್‌ಸ್ಪೆಕ್ಟರ್ ಮೇಡಂ ದೂರಿನ ಹಾಳೆಯಲ್ಲಿ ದೊಡ್ಡಮ್ಮನ ಹೆಸರಿದ್ದ ಸಾಲನ್ನು ಹೊಡೆದುಹಾಕಿ, ಹೊಸ ಹಾಳೆ ಕೇಳಿದರು.

* * *

ಮರುದಿನ ಮಧ್ಯಾಹ್ನ ರೇಡಿಯೋ ಅಂಗಡಿಯಲ್ಲಿ 1.11 ತಯಾರಾಯಿತು. ಯಾರಾದರೂ ಅಲಾರಂ ನಿಲ್ಲಿಸಿದರೂ ಅದು ಕಾಲು ಗಂಟೆಗೆ ಮತ್ತೆ ಕೂಗುತ್ತದೆ. ಬರೆದವನು ನಾನು.

ಮೀಸೆಯವನು ಫೋನ್ ಮಾಡಿ, ನಾನು ಅವತ್ತೇ ಬಡಕೊಂಡಿದ್ದೆ, ಜನ ತಪ್ಪು ಓದುತ್ತಾರೆ ಅಂತ, ಇನ್ನಾದರೂ ಅಂಕಿ ಬಿಟ್ಟು ತಾರೀಖನ್ನೇ ಹೆಸರಾಗಿ ಇಡಿ ಎಂದ. ದೊಡ್ಡಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, ಈ ಸಲ ನೀನು ತೀರ್ಮಾನಿಸು ಎಂದರು. ನನ್ನ ತೀರ್ಮಾನ ಕೇಳಿದವರು ಅವರೇ ಮೊದಲು.

ಯೋಚಿಸಿದೆ. ತಾರೀಖು ಯಾವಾಗ ಬಂತು ಎಂದು ಹೇಳುತ್ತದೆ. ಹಾಕಿಕೊಂಡರೆ ನನ್ನ ಹಳೆಯ ಪೆಟ್ಟಿಗೆ ಕೆಡುತ್ತದೆಯೇ ಎಂದು ಹೇಳುವುದಿಲ್ಲ. ಮೊಟ್ಟೆ ಇಟ್ಟುಕೊಂಡವನಿಗೆ ಬೇಕಾದದ್ದು ಎರಡನೆಯದು. ಬೇಲಿ ಇರಲಿ ಎಂದೆ. ಆದರೆ ಪಟ್ಟಿಯಲ್ಲಿ ಹೊಸದು ಮೇಲೆ ಬರಲಿ, ಪಕ್ಕದಲ್ಲಿ ತಾರೀಖು ಇರಲಿ, ತಲೆಬರಹದಲ್ಲಿ 'ಒಂಬತ್ತಾದ ಮೇಲೆ ಹತ್ತು' ಎಂದು ಬರೆದಿರಲಿ. ಮೀಸೆಯವನು ಗೊಣಗಿ ಒಪ್ಪಿದ.

ಉಳಿದದ್ದು ಕೃತಜ್ಞತೆಯ ಪಟ್ಟಿ. ನಮ್ಮ ತಪ್ಪನ್ನು ಯಾರು ತೋರಿಸಿಕೊಟ್ಟರೂ ಮುಂದಿನ ಆವೃತ್ತಿಯಲ್ಲಿ ಅವರನ್ನು ನೆನೆಯುವುದು ನಮ್ಮ ಪದ್ಧತಿ. ಟೈ, ಯಜಮಾನಿ, ಮೀಸೆಯವನು ಎಂದು ಬರೆದೆ.

"ಮ್ಯಾನೇಜರ್?" ಎಂದರು ದೊಡ್ಡಮ್ಮ.

ನಾನು ಎದ್ದು ಹೊರಗೆ ಹೋದೆ. ಬೀದಿಯ ಕೊನೆಯವರೆಗೆ ನಡೆದೆ. ಒಂಬತ್ತು ಸಾವಿರ ಮೊಟ್ಟೆಗಳನ್ನು ನಾನೇ ಹೊತ್ತು ಹೂತಿದ್ದೆ. ಆದರೆ ಪಟ್ಟಿ ತಪ್ಪಾಗಿತ್ತು, ಅದೂ ನಿಜ. ಎರಡು ವರ್ಷದ ಹಿಂದೆ ಅದೇ ತಪ್ಪು ಮಾಡಿದವನಿಗೆ ಈ ಅಂಗಡಿಯ ನೆಲದಲ್ಲಿ ಜಾಗ ಸಿಕ್ಕಿತ್ತು, ಅದೂ ನಿಜ. ವಾಪಸ್ ಬಂದು ಹಲ್ಲು ಕಚ್ಚಿ ಟೈಪ್ ಮಾಡಿದೆ: 'ನಮ್ಮ ಪಟ್ಟಿಯನ್ನು ತಪ್ಪಾಗಿ ಓದಬಹುದು ಎಂದು ತೋರಿಸಿಕೊಟ್ಟ ಮ್ಯಾನೇಜರಿಗೆ.' ಅದರ ಕೆಳಗೆ, ದೊಡ್ಡಮ್ಮ ಕೇಳದಿದ್ದರೂ, ಇನ್ನೊಂದು ಸಾಲು: 'ನೆಲದ ಮೇಲೆ ಕೂತು ಟ್ರೇ ಎಣಿಸಿದವರಿಗೆ.'

ದೊಡ್ಡಮ್ಮ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಅದೇನೂ ಮಸುಕಾಗಿರಲಿಲ್ಲ. "ಬಿಡುಗಡೆ ಮಾಡು," ಎಂದರು.

ಗುರುವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ನಾಲ್ಕನೇ ಕೋಣೆಯ ಮುಂದೆ ನಿಂತೆ. ಪೆಟ್ಟಿಗೆಯ ಮೇಲೆ 1.11. ಫ್ಯಾನಿಗೆ ಹೊಸ ಬೆಲ್ಟು. ಇಪ್ಪತ್ತನೇ ದಿನ.

ಬಾಗಿಲು ತೆಗೆಯಬೇಕಾಗಿಯೇ ಬರಲಿಲ್ಲ. ಹೊರಗಿನವರೆಗೂ ಕೇಳುತ್ತಿತ್ತು.